ನೂರ ಹದಿನೈದಕ್ಕೆ ಕುದುರಿದ ವ್ಯಾಪಾರ

ಡಾಕ್ಟರ ಹತ್ತಿರ ಚೌಕಾಸಿ ಮಾಡಬಾರದು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟಿದ್ದರೂ ಕೇಳುತ್ತಿದ್ದೆನೆಂದು ಪ್ರಮಾಣ ಮಾಡಲಾರೆ. ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಚಿಕ್ಕಬಳ್ಳಾಪುರದ ಮನೆಗೆ ಮರಳಿ ಕೆಲವು ವಾರಗಳಾಗಿದ್ದವು. "ಮನೆಯಲ್ಲೇ ಸೈಕಲ್ ತುಳೀರಿ. ಆದ್ರೆ ಎದೆಬಡಿತ ನಿಮಿಷಕ್ಕೆ ನೂರ ಹದಿನೈದು ದಾಟಬಾರದು" ಎಂದರು ಡಾಕ್ಟರು. ಸಂಖ್ಯೆ ಕಿವಿಗೆ ಬಿದ್ದದ್ದೇ ತಡ, ನನ್ನ ಬಾಯಿ ತನ್ನಷ್ಟಕ್ಕೆ ತಾನೇ ತೆರೆದುಕೊಂಡಿತು. "ಸಾರ್, ನಿಮ್ಮದೂ ಬೇಡ, ನನ್ನದೂ ಬೇಡ, ನೂರ ಮೂವತ್ತಕ್ಕೆ ಮುಗಿಸಿಬಿಡಣ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನೋಡೀಪ್ಪ, ಇದು ನಿಮ್ಮ ಹಾರ್ಟು. ದ್ರಾಕ್ಷಿ ಅಲ್ಲ."

ಬೆಲೆ ಇಳಿಯದಿದ್ದಾಗ ಕೊಸರನ್ನಾದರೂ ಕೇಳಬೇಕಲ್ಲವೆ? ಕೇಳಿದೆ. ಧಾರಾಳವಾಗಿ ಕೊಟ್ಟರು: ತುಳಿತ ಶುರುವಾಗುವ ಮೊದಲು ಐದು ನಿಮಿಷ, ಮುಗಿದ ಮೇಲೆ ಐದು ನಿಮಿಷ, ಹಗುರವಾಗಿ ಕಾಲಾಡಿಸಬೇಕು. ಇಂಥ ಕೊಸರು ಶತ್ರುವಿಗೂ ಬೇಡ ಎಂದುಕೊಂಡು ಅಂದು ಮನೆಗೆ ಬಂದೆ. ಇಡೀ ವ್ಯಾಪಾರದ ಲಾಭವೆಲ್ಲ ಆ ಕೊಸರಿನಲ್ಲೇ ಇತ್ತೆಂದು ತಿಳಿಯಲು ನನಗೆ ಸ್ವಲ್ಪ ಕಾಲ ಹಿಡಿಯಿತು.

ನಾನು ತೋಟದ ವ್ಯಾಪಾರಿ. ದ್ರಾಕ್ಷಿ ಇನ್ನೂ ಬಳ್ಳಿಯ ಮೇಲಿರುವಾಗಲೇ ಚಪ್ಪರದ ಕೆಳಗೆ ಬಗ್ಗಿ ನಡೆದು, ಗೊನೆಗಳನ್ನು ಕಣ್ಣಲ್ಲೇ ತೂಗಿ, ಇಡೀ ತೋಟಕ್ಕೆ ಬೆಲೆ ಕಟ್ಟುವವನು. ಅಪ್ಪ ಬಿಟ್ಟುಹೋದ ತೋಟವಿರಲಿಲ್ಲ, ಮಾವ ಕೊಟ್ಟ ಹಣ್ಣಿನ ಮಂಡಿಯಿರಲಿಲ್ಲ. ಮಂಡಿಕಲ್ ಕಡೆಯಿಂದ ಯಾರದೋ ಹಣ್ಣನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಹೇರಿಕೊಂಡು ಪೇಟೆಗೆ ತುಳಿದವನು, ಇಂದು ನನ್ನದೇ ಗಾಡಿಯಲ್ಲಿ ನನ್ನದೇ ಹಣ್ಣು ಕಳಿಸುತ್ತೇನೆ. ಇದನ್ನು ಹೇಳುವಾಗ ನನ್ನ ಎದೆ ಸ್ವಲ್ಪ ಉಬ್ಬುತ್ತದೆ. ಸ್ಟೆಂಟ್ ಹಾಕಿದ ಎದೆಯೂ ಉಬ್ಬುತ್ತದೆ ಎಂಬುದು ನನಗೆ ಸಮಾಧಾನದ ಸಂಗತಿ.

ಆದರೆ ನನ್ನ ಹೆಂಡತಿ ಸರೋಜಮ್ಮ ದ್ವಿಚಕ್ರ ವಾಹನದ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡಿದ್ದಳು. ಡಾಕ್ಟರು ಪರೀಕ್ಷೆ ಮಾಡಿ ಸರಿ ಎನ್ನುವ ತನಕ ತೋಟಗಳತ್ತ ತಲೆಯಿಟ್ಟೂ ಮಲಗುವಂತಿಲ್ಲ. ಪರೀಕ್ಷೆ ಬರುವುದೋ ದ್ರಾಕ್ಷಿ ಬಣ್ಣ ತಿರುಗುವ ಹೊತ್ತಿಗೆ. ಅದರಲ್ಲಿ ನಾನು ಸೋತರೆ, ಪ್ರತಿ ವರ್ಷವೂ ನಾನೇ ಬೆಲೆ ಕಟ್ಟಿ ಹಿಡಿಯುವ ಮಂಡಿಕಲ್ಲಿನ ಮುನಿನಂಜಪ್ಪನ ಚಪ್ಪರದ ಕೆಳಗೆ ಈ ಸಲ ಬೇರೆ ಯಾರೋ ಬಗ್ಗಿ ನಡೆಯುತ್ತಾರೆ. ಆ ಯೋಚನೆಯೊಂದೇ ಸಾಕಿತ್ತು ಬಡಿತ ಏರಿಸಲು.

ನಿಂತಲ್ಲೇ ತುಳಿಯುವ ಆ ವ್ಯಾಯಾಮದ ಸೈಕಲ್ಲು ಚಿಂತಾಮಣಿಯ ಒಬ್ಬರ ಮನೆಯಲ್ಲಿ ಸಿಕ್ಕಿತು. ಒಂದು ಸಲಹೆ ಕೇಳಿ: ಇಂಥ ಸೈಕಲ್ ಕೊಳ್ಳುವಾಗ ಅದರ ಹ್ಯಾಂಡಲ್ ಮೇಲೆ ಬಟ್ಟೆ ಒಣಗುತ್ತಿದೆಯೇ ಎಂದು ಮೊದಲು ನೋಡಿ. ಒಣಗುತ್ತಿದ್ದರೆ ಯಂತ್ರ ಹೊಸದಾಗಿಯೇ ಇದೆ, ಬೆಲೆಯೂ ಆಗಲೇ ಅರ್ಧಕ್ಕೆ ಇಳಿದಿದೆ ಎಂದು ತಿಳಿಯಿರಿ. ನಾನು ಹೋದಾಗ ಅಲ್ಲಿ ಎರಡು ಲುಂಗಿಗಳಿದ್ದವು. ಜೊತೆಗೆ ಬಡಿತ ಎಣಿಸುವ ಕೈಗಡಿಯಾರವನ್ನೂ ಕೊಂಡೆ. ತುಳಿಯುವಾಗ ನೂರ ಹದಿನೈದು ದಾಟಿದರೂ, ಸುಮ್ಮನೆ ಕೂತಿದ್ದಾಗ ನೂರು ದಾಟಿದರೂ ಅದು ಕಿರಿಚುವಂತೆ ಅಂಗಡಿಯವರು ಹೊಂದಿಸಿಕೊಟ್ಟರು.

ಮೊದಲ ದಿನ ಸೀಟಿನ ಮೇಲೆ ಕೂತವನೇ ಹ್ಯಾಂಡಲ್ ಕೆಳಗಿನ, ತುಳಿತವನ್ನು ಭಾರ ಮಾಡುವ ತಿರುಪನ್ನು ಬಿಗಿಯಾಗಿ ತಿರುಗಿಸಿ, ಮಂಡಿಕಲ್ ದಿನ್ನೆ ಹತ್ತಿದ ಕಾಲುಗಳಿವು ಎಂದು ತುಳಿದೆ. ಬಡಿತವೂ ತಕ್ಕಡಿಯ ಹಾಗೆ, ಹೆಚ್ಚಿಗೆ ತೂಗಿದಷ್ಟೂ ಹೆಚ್ಚು ಲಾಭ ಎಂಬುದು ನನ್ನ ಲೆಕ್ಕಾಚಾರ. ಹೊರಗಡೆಯ ಸೈಕಲ್ಲಿನಲ್ಲಿ ದಿನ್ನೆ ಮುಗಿದ ಮೇಲೆ ಇಳಿಜಾರು ಬರುತ್ತದೆ, ಗಾಳಿ ಬೀಸುತ್ತದೆ, ಪರಿಚಯದವರು ನಿಲ್ಲಿಸಿ ಮಾತಾಡಿಸುತ್ತಾರೆ. ಇಲ್ಲಿ ನಾನೇ ಇಳಿಜಾರು ಮಾಡಿಕೊಳ್ಳದೆ ಬೇರೆ ಇಳಿಜಾರಿಲ್ಲ. ಗಡಿಯಾರ ಕಿರಿಚಿತು. "ರೀ, ನಿಮ್ಮ ಗಿಣಿ ಕೂಗ್ತೈತೆ, ಇಳೀರಿ!" ಎಂದಳು ಸರೋಜಮ್ಮ ಒಳಗಿನಿಂದ. ಇಳಿದೆ. ಗಕ್ಕನೆ ಇಳಿದದ್ದಕ್ಕೆ ತಲೆ ಗಿರ್ರೆಂದಿತು. ಕಡೆಯ ಐದು ನಿಮಿಷದ ಕೊಸರು ಏಕೆಂದು ಗೋಡೆ ಹಿಡಿದು ನಿಂತಾಗ ಅರ್ಧ ಅರ್ಥವಾಯಿತು.

ಇಷ್ಟಾದರೂ ಬಡಿತದ ವಿಷಯದಲ್ಲಿ ನಾನು ತಿಳಿಯದವನಲ್ಲ. ಹಿಂದೆ ಸಂತೆಗಳಲ್ಲಿ ಟವೆಲ್ಲಿನ ಕೆಳಗೆ ಕೈ ಕೈ ಹಿಡಿದು, ಬೆರಳು ಒತ್ತಿ ಬೆಲೆ ಹೇಳುವ ಪದ್ಧತಿ ಇತ್ತು. ಸುತ್ತ ನಿಂತವರಿಗೆ ಕಾಣುವುದು ಟವೆಲ್ಲು, ಎರಡು ಕಲ್ಲಿನಂಥ ಮುಖಗಳು. ಹೊಸಬರು ಬೆರಳನ್ನಷ್ಟೇ ಎಣಿಸುತ್ತಿದ್ದರು. ನಾನು ಬೆರಳು ಎಣಿಸುತ್ತ ಮಣಿಕಟ್ಟನ್ನೂ ಸವರುತ್ತಿದ್ದೆ. ಮಾರುವವನಿಗೆ ಎಷ್ಟು ಅವಸರವಿದೆ ಎಂದು ನಾಡಿ ಹೇಳುತ್ತಿತ್ತು. ಹೀಗೆ ಮೂರು ತಾಲ್ಲೂಕಿನವರ ಎದೆಬಡಿತ ಬಲ್ಲವನಿಗೆ ತನ್ನದೊಂದು ಮಾತ್ರ ಗೊತ್ತಿರಲಿಲ್ಲ.

ನನ್ನದು ಗೊತ್ತಾದದ್ದು ಮುನಿನಂಜಪ್ಪನ ಫೋನಿನಿಂದ. ಒಂದು ಬೆಳಗ್ಗೆ ನಾನು ತುಳಿಯುತ್ತಿದ್ದಾಗಲೇ ಕರೆ ಬಂತು. ಕಿವಿಗೆ ಸಿಕ್ಕಿಸಿಕೊಂಡು ತುಳಿಯುತ್ತಲೇ ಮಾತಿಗಿಳಿದೆ. ತಿರುಪು ಬಿಗಿಯಿತ್ತು, ನನ್ನ ಮಾತು ಎರಡೆರಡು ಪದಕ್ಕೆ ಕಡಿದು ಬೀಳುತ್ತಿತ್ತು. "ಈ ಸಲ... ರೇಟು... ಕಮ್ಮಿ ಮಾಡ್ಕೊಳಪ್ಪ..." ಎಂದೆ.

ಅತ್ತ ಕಡೆಯಿಂದ ನಗು. "ಏಮಣ್ಣಾ, ಈ ಪಾಟಿ ಏದುಸಿರು? ತೋಟ ಎಲ್ಲಿ ಕೈಬಿಟ್ಟು ಹೋಗ್ತದೋ ಅಂತ ಭಯಾನಾ? ಅಷ್ಟು ಆಸೆ ಇದ್ರೆ ನಾನ್ಯಾಕೆ ಕಮ್ಮಿ ಮಾಡ್ಲಿ!"

ಸೈಕಲ್ ತುಳೀತಿದೀನಿ ಮಾರಾಯ ಎಂದರೆ ನಂಬಲಿಲ್ಲ. ಮನೆಯೊಳಗೆ ಸೈಕಲ್ ತುಳಿಯುವವನನ್ನು ಅವನು ಹೇಗೆ ನಂಬಿಯಾನು? ಮುಖ ಮುಚ್ಚಿಡಲು ಕಲಿತವನ ಉಸಿರು ಫೋನಿನಲ್ಲಿ ಚಾಡಿ ಹೇಳಿತ್ತು.

ಅಂದಿನಿಂದ ನನ್ನ ಪಾಠ ಶುರುವಾಯಿತು. ಗಡಿಯಾರಕ್ಕಿಂತ ಮೊದಲು ಮಾತನ್ನು ನೋಡುವುದು. ತುಳಿಯುತ್ತ ಒಂದು ಪೂರ್ತಿ ವಾಕ್ಯದಲ್ಲಿ, ತಡವರಿಸದೆ, ಬೆಲೆ ಇಳಿಸಲು ಕೇಳುವಂತಿರಬೇಕು. ಹಾಗೆ ಕೇಳಲಾಗದಿದ್ದರೆ ತಿರುಪನ್ನು ಒಂದು ಸುತ್ತು ಸಡಿಲಿಸಬೇಕು, ಇಲ್ಲವೆ ಕಾಲು ನಿಧಾನಿಸಬೇಕು. ಎರಡೂ ಬೇರೆ ಬೇರೆ. ತಿರುಪು ತೂಕ, ಕಾಲಿನ ವೇಗ ದರ. ಹಾಡು ಹೇಳುವಷ್ಟು ಸಲೀಸಾದರೆ ಆಗ ಕೆಲಸಗಳ್ಳತನ ನಡೆಯುತ್ತಿದೆ ಎಂದರ್ಥ, ಸ್ವಲ್ಪ ಬಿಗಿಸಬಹುದು. ಬೆವರನ್ನು ನಂಬಬೇಡಿ, ಫ್ಯಾನ್ ನಿಲ್ಲಿಸಿದರೆ ಸುಮ್ಮನೆ ಕೂತವನೂ ಬೆವರುತ್ತಾನೆ. ಆದರೆ ಬಡಿತದ ಗೆರೆ ಎಷ್ಟೆಂಬುದನ್ನು ಮಾತ್ರ ನಿಮ್ಮ ನಿಮ್ಮ ಡಾಕ್ಟರನ್ನೇ ಕೇಳಿ. ನನ್ನ ನೂರ ಹದಿನೈದು ನನ್ನದು.

ಯೋಚಿಸಿದರೆ ಇದೆಲ್ಲ ನನಗೆ ಗೊತ್ತಿದ್ದ ವಿದ್ಯೆಯೇ. ತೋಟಕ್ಕೆ ಹೋದವನು ಗೇಟಿನಲ್ಲೇ ಬೆಲೆ ಕೇಳುತ್ತಾನೆಯೇ? ಮೊದಲು ಹಸುವಿನ ಸಮಾಚಾರ, ಮಗಳ ಬಾಣಂತನ, ಬೋರಿನ ನೀರು. ಅದು ಮೊದಲಿನ ಐದು ನಿಮಿಷ. ನಡುವೆ ನಿಜವಾದ ಎಳೆದಾಟ. ಮುಗಿದ ಮೇಲೆ ಧಡಕ್ಕನೆ ಎದ್ದು ಬರುವುದಿಲ್ಲ. ಮಜ್ಜಿಗೆ ಕುಡಿದು, ಎಲೆಯಡಿಕೆ ಹಾಕಿಕೊಂಡು, ಬರ್ತೀನಿ ಎಂದು ಮೂರು ಸಲ ಹೇಳಿ ಏಳುತ್ತೇವೆ. ಅದೇ ಕಡೆಯ ಕೊಸರು. ಡಾಕ್ಟರು ನನಗೆ ಕೊಟ್ಟದ್ದು ನನ್ನದೇ ಸರಕು.

ಪರೀಕ್ಷೆಯ ದಿನ ಮೈಗೆಲ್ಲ ತಂತಿ ಅಂಟಿಸಿ ಟ್ರೆಡ್‌ಮಿಲ್ಲಿನ ಓಡುಪಟ್ಟಿಯ ಮೇಲೆ ನಡೆಸಿದರು. ಪಟ್ಟಿ ಏರುತ್ತ ಹೋಯಿತು, ನಾನು ಮಾತಾಡುತ್ತ ಹೋದೆ. ಈ ಯಂತ್ರವನ್ನು ಎಷ್ಟಕ್ಕೆ ಕೊಂಡಿರಿ, ಯಾರು ತಂದುಕೊಟ್ಟರು, ಇನ್ನೂ ಇಳಿಸಬಹುದಿತ್ತಲ್ಲ ಎಂದು ಪೂರ್ತಿ ವಾಕ್ಯಗಳಲ್ಲಿ ಕೇಳಿದೆ. ಡಾಕ್ಟರು ಕಾಗದ ನೋಡಿ, "ಹಾರ್ಟು ಚೆನ್ನಾಗಿದೆ. ಬಾಯಿ ಅದಕ್ಕಿಂತ ಚೆನ್ನಾಗಿದೆ. ತೋಟಕ್ಕೆ ಹೋಗಿ" ಎಂದರು. ಸರೋಜಮ್ಮ ಸೆರಗಿನ ಗಂಟು ಬಿಚ್ಚಿ ಬೀಗದ ಕೈಯನ್ನು ಗೋಡೆಯ ಮೊಳೆಗೆ ಹಾಕಿದಳು. "ವ್ಯಾಪಾರದಾಗೆ ಆ ಗಿಣಿ ಕೂಗ್ತು ಅಂದ್ರೆ ಇದು ಮತ್ತೆ ನನ್ ಸೆರಗಿಗೇ" ಎಂಬ ಷರತ್ತೂ ಜೊತೆಗಿತ್ತು.

ಮುನಿನಂಜಪ್ಪ ನನಗಿಂತ ಹತ್ತು ವರ್ಷ ಚಿಕ್ಕವನು. ಅವನ ತೋಟ ದಿನ್ನೆಯ ಮೇಲಿದೆ. ಇಬ್ಬರೂ ಹತ್ತಿದೆವು. ಮೇಲೆ ತಲುಪುವಾಗ ಏದುಸಿರು ಬಿಡುತ್ತಿದ್ದವನು ಅವನು. ನನ್ನ ಗಡಿಯಾರ ನೂರ ಎಂಟು ತೋರಿಸುತ್ತಿತ್ತು. ಹಳೆಯ ನಾನಾಗಿದ್ದರೆ ಅದೇ ಗಳಿಗೆಯಲ್ಲಿ ಬೆಲೆ ಎತ್ತುತ್ತಿದ್ದೆ. ಉಸಿರಿಲ್ಲದವನು ಬೇಗ ಒಪ್ಪುತ್ತಾನೆ. ಆದರೆ ಏದುಸಿರಿನ ಬೆಲೆ ನಾನೇ ತೆತ್ತಿದ್ದೆನಲ್ಲ. ಅವನನ್ನು ಕಲ್ಲಿನ ಮೇಲೆ ಕೂರಿಸಿ, ನಾನೂ ಪಕ್ಕದಲ್ಲಿ ಕೂತು, ನೀರು ಕುಡಿಸಿ, ಹಸುವಿನ ಸಮಾಚಾರ ಕೇಳಿದೆ. ನನ್ನ ಬಡಿತ ನೂರರ ಕೆಳಗಿಳಿಯಿತು, ಅವನ ಉಸಿರು ಸರಿಹೋಯಿತು. ಸರಿಹೋದದ್ದೇ ನಗುತ್ತ ಬೆಲೆ ಹೇಳಿದ.

ನಾನು ತಲೆಯೆತ್ತಿ ಚಪ್ಪರ ನೋಡಿದೆ. ಕಪ್ಪಗೆ, ಪುಡಿ ಬೂದಿ ಸವರಿದಂಥ ಗೊನೆಗಳು, ಒಂದರ ಮೈಗೊಂದು ಒತ್ತಿಕೊಂಡು. ಇವನ್ನು ಮತ್ತೆ ನೋಡುತ್ತೇನೋ ಇಲ್ಲವೋ ಎಂದು ಆಸ್ಪತ್ರೆಯ ಮಂಚದಲ್ಲಿ ಯೋಚಿಸಿದ್ದೆ. ಮುಖವನ್ನು ಕಲ್ಲು ಮಾಡಿಕೊಂಡು, "ಹಣ್ಣು ಸಾಧಾರಣ" ಎಂದೆ. ಗಡಿಯಾರ ಕಿರಿಚಿತು.

"ಅದೇನಣ್ಣ ಕೂಗ್ತಿರೋದು?"

ಕೂತಲ್ಲೇ ನೂರು ದಾಟಿತ್ತು. ದಿನ್ನೆ ಕೂಗಿಸದ ಗಡಿಯಾರವನ್ನು ಗೊನೆಗಳು ಕೂಗಿಸಿದ್ದವು. ಟವೆಲ್ಲಿನ ಕೆಳಗಿನ ನಾಡಿ ಈಗ ನನ್ನದು, ಅದೂ ಗಟ್ಟಿಯಾಗಿ ಕೂಗುವಂಥದ್ದು. ಸೈಕಲ್ಲಿನ ಮೇಲೆ ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ: ತಿರುಪನ್ನು ಒಂದು ಸುತ್ತು ಸಡಿಲಿಸಿದೆ. "ಹಣ್ಣು ಚೆನ್ನಾಗೈತೆ ಕಣಪ್ಪ. ನೀನು ಹೇಳಿದ ಬೆಲೆಗೇ ಆಯ್ತು" ಎಂದೆ. ಗಡಿಯಾರ ಸುಮ್ಮನಾಯಿತು. ಮುನಿನಂಜಪ್ಪನ ಮುಖ ನೋಡಬೇಕಿತ್ತು; ಎದುರಾಳಿ ಹಗ್ಗ ಬಿಟ್ಟಾಗ ಹಿಂದಕ್ಕೆ ಬಿದ್ದವನ ಹಾಗಿತ್ತು.

ಕೊಸರು ಬಿಟ್ಟೆನೇ? ಇಲ್ಲ. ವಾರಕ್ಕೆರಡು ದಿನ ಚಿಕ್ಕಬಳ್ಳಾಪುರಕ್ಕೆ ಬಂದು ನನ್ನ ಸೈಕಲ್ ತುಳಿಯಬೇಕು, ಅದಕ್ಕೂ ಮೊದಲು ನನ್ನ ಡಾಕ್ಟರಿಗೆ ಎದೆ ತೋರಿಸಬೇಕು ಎಂದೆ. ಅವನು ಹದಿನೈದು ದಿನಕ್ಕೊಂದು ಸಲ ಎಂದ. ಬಹಳ ಹೊತ್ತು ಎಳೆದಾಡಿ ವಾರಕ್ಕೊಂದಕ್ಕೆ ಮುಗಿಸಿದೆವು. ಅಷ್ಟು ಎಳೆದಾಟದಲ್ಲೂ ಗಡಿಯಾರ ಚಕಾರವೆತ್ತಲಿಲ್ಲ.

ಮನೆಗೆ ಬಂದಾಗ ಸರೋಜಮ್ಮ ಬಾಗಿಲಲ್ಲೇ ನಿಂತಿದ್ದಳು. "ಕೂಗ್ತಾ?"

"ಒಂದು ಸಲ ಕೂಗ್ತು. ನಾನು ಬಿಟ್ಟುಕೊಟ್ಟೆ, ಅದು ಸುಮ್ಮನಾಯ್ತು."

ಅವಳು ನನ್ನ ಮುಖವನ್ನು ನೋಡಲಿಲ್ಲ, ಆ ಮುಖ ಅವಳಿಗೆ ಗೊತ್ತು. ಮಣಿಕಟ್ಟು ಹಿಡಿದು ನಾಡಿ ನೋಡಿದಳು. ಆಮೇಲೆ ನನ್ನ ಕೈಲಿದ್ದ ಬೀಗದ ಕೈಯನ್ನು ತೆಗೆದುಕೊಂಡು, ಸೆರಗಿಗಲ್ಲ, ಮೊಳೆಗೇ ಹಾಕಿದಳು. ನಾನು ಜೀವನದಲ್ಲಿ ಮೊದಲ ಬಾರಿಗೆ ಕೊಸರು ಕೇಳದೆ ಒಳಗೆ ಹೋದೆ.