ಬೊಗಸೆಗೆ ಸುರಿದ ನೀರು

ದ್ಯಾವಪ್ಪನನ್ನು ನಮ್ಮ ಕಡೆ ‘ಅಮೆರಿಕಾ ದ್ಯಾವಪ್ಪ’ ಎಂದೇ ಕರೆಯುತ್ತಾರೆ. ಅದರಲ್ಲಿ ಗೌರವವೂ ಇದೆ, ಚೇಷ್ಟೆಯೂ ಇದೆ. ಹಲಗೆ ಬಾರಿಸುವ ಮನುಷ್ಯ ವಿಮಾನ ಹತ್ತಿ ಹೋಗಿ ಬಂದದ್ದನ್ನು ಊರಿನ ಕೆಲವರಿಗೆ ಇನ್ನೂ ಅರಗಿಸಿಕೊಳ್ಳಲಿಕ್ಕೆ ಆಗಿಲ್ಲ. ಅಂಬೇಡ್ಕರ್ ಜಯಂತಿಯ ದಿನ ಆತನನ್ನು ವೇದಿಕೆ ಹತ್ತಿಸಿ ಅಮೆರಿಕದ ಬಗ್ಗೆ ಮಾತಾಡು ಎಂದರೆ, ವಿಮಾನದ ಊಟ, ಕಡಲು, ಅಲ್ಲಿನ ಚಳಿ ಎಲ್ಲ ಹೇಳುತ್ತಾನೆ. ಉಳಿದುಕೊಂಡ ಮನೆಯ ಮಾತು ಬಂದ ಕೂಡಲೇ ಮೈಕನ್ನು ಪಕ್ಕದವರ ಕೈಗಿತ್ತು ಇಳಿದುಬಿಡುತ್ತಾನೆ. ನಾನು ದ್ಯಾವಪ್ಪನ ಕೇರಿಯವನೇ, ಶಹಾಪುರದಲ್ಲಿ ಇಂಗ್ಲಿಷ್ ಕಲಿಸುವ ಮಾಸ್ತರ. ಆತ ಹಾಗೇಕೆ ಇಳಿಯುತ್ತಾನೆ ಎನ್ನುವುದು ನನಗೆ ತಡವಾಗಿ ಗೊತ್ತಾಯಿತು.

ಶಿರವಾಳದ ಹಳೆಯ ಗುಡಿಗಳನ್ನು ನೋಡಲು ಬರುವವರು ನಮ್ಮ ಊರನ್ನು ದಾಟಿಯೇ ಹೋಗಬೇಕು. ಗುಡಿ ನೋಡುತ್ತಾರೆ, ಕಲ್ಲಿನ ಕೆತ್ತನೆಗೆ ಬೆರಗಾಗುತ್ತಾರೆ, ಕೇರಿಯ ಕಡೆ ಯಾರೂ ತಿರುಗುವುದಿಲ್ಲ. ದ್ಯಾವಪ್ಪ ಸಣ್ಣವನಿದ್ದಾಗ ಊರ ಬಾವಿಗೆ ನಮ್ಮವರು ಹಗ್ಗ ಇಳಿಸುವ ಹಾಗಿರಲಿಲ್ಲ. ಅವನ ಅವ್ವ ಲಾಲಮ್ಮ ಕೂಲಿಯಿಂದ ಬಂದವಳು ಗೌಡರ ಮನೆಯ ಮುಂದೆ ನಿಂತು ನೀರು ಕೇಳಿದರೆ, ಒಳಗಿನಿಂದ ಸೊಸೆ ತಂಬಿಗೆ ತರುತ್ತಿದ್ದಳು. ಕಟ್ಟೆಯ ಮೇಲೆ ನಿಂತು, ತಂಬಿಗೆ ತಾಗದಷ್ಟು ಎತ್ತರದಿಂದ ಸುರಿಯುತ್ತಿದ್ದಳು. ಲಾಲಮ್ಮ ಕೆಳಗೆ ಬಾಗಿ ಬೊಗಸೆಯಲ್ಲಿ ಕುಡಿಯುತ್ತಿದ್ದಳು. ಅರ್ಧ ಬಾಯಿಗೆ, ಅರ್ಧ ಸೆರಗಿಗೆ. ಹೋಟೆಲಿನಲ್ಲಿ ನಮ್ಮವರ ಕಪ್ಪುಗಳು ಹೊರಗೆ ಸೂರಿನಡಿ ಇರುತ್ತಿದ್ದವು. ಚಹಾ ಕುಡಿದವರೇ ತೊಳೆದು ಅಲ್ಲೇ ಇಟ್ಟು ಹೋಗಬೇಕು.

ದ್ಯಾವಪ್ಪನಿಗೆ ಮೀಸೆ ಚಿಗುರುವ ಹೊತ್ತಿಗೆ ಕಾಲುವೆ ಬಂತು. ಅದನ್ನು ತೋಡಲು ಅವ್ವ ಮಗ ಇಬ್ಬರೂ ಮಣ್ಣು ಹೊತ್ತಿದ್ದರು. ಮೊದಲ ಸಲ ನೀರು ಬಿಟ್ಟ ದಿನ ಕೇರಿಯೆಲ್ಲ ದಂಡೆಗೆ ಓಡಿತು. ಯಾರೂ ಸುರಿಯದ, ಯಾರನ್ನೂ ಕೇಳಬೇಕಿಲ್ಲದ ನೀರು. ದ್ಯಾವಪ್ಪ ದಂಡೆಯ ಮೇಲೆ ಬೋರಲಾಗಿ ಮಲಗಿ ಹೊಟ್ಟೆ ತುಂಬ ಕುಡಿದ. ಇನ್ನು ಯಾರ ಮನೆಯ ಮುಂದೂ ಬೊಗಸೆ ಒಡ್ಡುವುದಿಲ್ಲ ಎಂದು ಅವತ್ತೇ ಅವ್ವನಿಗೆ ಹೇಳಿದ. ಮುಂದೆ ಬುದ್ಧನ ದೀಕ್ಷೆ ತೆಗೆದುಕೊಂಡ, ಮನೆಯ ಮೇಲೆ ಐದು ಬಣ್ಣದ ಪಟ್ಟೆಗಳ ಪಂಚಶೀಲದ ಬಾವುಟ ಏರಿಸಿದ, ಊರವರ ಸಾವಿಗೆ ಹಲಗೆ ಬಾರಿಸುವುದನ್ನು ಬಿಟ್ಟ. ಬಿಟ್ಟ ಮೇಲೆ ತಮಾಷೆ ನೋಡಿ, ಅದೇ ಹಲಗೆಗೆ ‘ಜನಪದ ಕಲೆ’ ಎಂದು ಹೆಸರು ಬಂದು, ಶಾಲು ಹೊದಿಸುವವರು ಹುಡುಕಿಕೊಂಡು ಬಂದರು.

ಅಮೆರಿಕಕ್ಕೆ ಹೋದದ್ದು ಹೀಗೆ. ಕಡಲ ದಂಡೆಯ ಒಂದು ಊರಿನಲ್ಲಿ ಬೇರೆ ಬೇರೆ ದೇಶಗಳ ವಾದ್ಯದವರನ್ನು ಸೇರಿಸುವ ಮೇಳವಿತ್ತು. ನಮ್ಮ ಕಡೆಯಿಂದ ಹೋದ ತಂಡಕ್ಕೆ ಮುಖಂಡರು ಕಾಲೇಜಿನಲ್ಲಿ ಜಾನಪದ ಕಲಿಸುವ ಶಾಂತಪ್ಪನವರು, ಶಹಾಪುರದ ಹಳೆಯ ಸಾಹುಕಾರರ ಮನೆತನದವರು. ಅವರಿಗೆ ಇಂಗ್ಲಿಷ್ ಬರುತ್ತಿತ್ತು, ದ್ಯಾವಪ್ಪನಿಗೆ ಹಲಗೆ ಬರುತ್ತಿತ್ತು. ಮೇಳದವರು ಕಲಾವಿದರನ್ನು ಊರಿನ ಮನೆಗಳಿಗೆ ಹಂಚಿದರು. ಇವರಿಬ್ಬರ ಪಾಲಿಗೆ ಬಂದದ್ದು ಇಬ್ಬರು ಮುದುಕರು ನಡೆಸುವ ಸಣ್ಣ ವಸತಿಗೃಹ. ಉದ್ದನೆಯವನ ಹೆಸರು ರಸಲ್. ದ್ಯಾವಪ್ಪನ ಬಾಯಲ್ಲಿ ಅದು ಮೊದಲ ದಿನವೇ ರಸೂಲಸಾಬ ಆಯಿತು. ಗಿಡ್ಡನೆಯವನು ಮ್ಯಾನಿ, ಮೀನುಗಾರರ ಮನೆಯವನು.

ಬಾಗಿಲ ಮೇಲಿದ್ದ ಬಾವುಟ ನೋಡಿ ದ್ಯಾವಪ್ಪ ಅಲ್ಲೇ ನಿಂತ. ಬಣ್ಣ ಬಣ್ಣದ ಪಟ್ಟೆಗಳು. ಪಟ್ಟೆ ಅಡ್ಡಡ್ಡ ಇದ್ದವು, ಬಣ್ಣವೂ ಒಂದೋ ಎರಡೋ ಹೆಚ್ಚಿದ್ದವು. ಆದರೆ ದೇಶ ಬೇರೆಯಾದ ಮೇಲೆ ಅಷ್ಟು ಫರಕು ಇರುವುದೇ ಎಂದುಕೊಂಡ. ಓಣಿಯ ತುಂಬ ಅದೇ ಬಾವುಟ. ಇಡೀ ಊರೇ ಬುದ್ಧನ ಕಡೆಯವರದು ಎಂದು ಅವನ ಕಣ್ಣು ತುಂಬಿ ಬಂದವು. ಕೈ ಮುಗಿದು ಜೈ ಭೀಮ್ ಎಂದ. ರಸಲ್ ಕೂಡ ಕೈ ಮುಗಿದು ತನಗೆ ತಿಳಿದ ಹಾಗೆ ಅದನ್ನೇ ಅಂದ.

ಅಡುಗೆಮನೆಯ ಗೋಡೆಗೆ ಸಾಲಾಗಿ ಕಪ್ಪುಗಳನ್ನು ತೂಗುಹಾಕಿದ್ದರು, ಒಂದರ ಹಾಗೆ ಇನ್ನೊಂದಿಲ್ಲ. ಬಂದವರು ಯಾವುದನ್ನಾದರೂ ತೆಗೆದುಕೊಳ್ಳಬಹುದು. ದ್ಯಾವಪ್ಪ ಅಂಚು ಸ್ವಲ್ಪ ಒಡೆದ ನೀಲಿ ಕಪ್ಪು ಆರಿಸಿಕೊಂಡ. ಚಹಾ ಕುಡಿದು ತೊಳೆಯಲು ಎದ್ದರೆ ಮ್ಯಾನಿ ಅದನ್ನು ಕಸಿದುಕೊಂಡು ತಾನೇ ತೊಳೆದ. ಸಂಜೆ ಕಡಲ ದಂಡೆಗೆ ಹೋದರೆ ಗಂಡಸರು ಗಂಡಸರ ಕೈ ಹಿಡಿದು ಅಡ್ಡಾಡುತ್ತಿದ್ದರು. ಇದೂ ದ್ಯಾವಪ್ಪನಿಗೆ ಹೊಸದಾಗಿ ಕಾಣಲಿಲ್ಲ. ನಮ್ಮ ಶಹಾಪುರದ ಸಂತೆಯಲ್ಲಿ ಗೆಳೆಯರು ಕೈ ಕೈ ಹಿಡಿದೇ ತಿರುಗುತ್ತಾರಲ್ಲ. ಪರದೇಶದಲ್ಲಿ ತನ್ನ ಮನೆ ಸಿಕ್ಕಿತು ಎಂದುಕೊಂಡು ಆತ ಅವತ್ತು ನೆಮ್ಮದಿಯಿಂದ ನಿದ್ದೆ ಮಾಡಿದ.

ಮಾರನೆಯ ದಿನ ಶಾಂತಪ್ಪನವರು ಅವನನ್ನು ಹಿತ್ತಲಿಗೆ ಕರೆದು ಮೆಲ್ಲಗೆ ಹೇಳಿದರು.

“ದ್ಯಾವಪ್ಪ, ಇವ್ರಿಬ್ರು ಅಣ್ಣತಮ್ಮ ಅಲ್ಲ. ಗಂಡ ಹೆಂಡ್ತಿ ಇದ್ದಂಗ ಇದ್ದಾರ. ಲಗ್ನಾನೂ ಆಗ್ಯಾರಂತ. ಈ ಊರಿಗೆ ಬರಾವ್ರೆಲ್ಲ ಇಂಥವ್ರೇ, ಆ ಬಾವುಟ ಇವ್ರದೇ. ಇವ್ರ ಮನಿ ನೀರು ಹೆಂಗ ಕುಡೀತಿ?”

ದ್ಯಾವಪ್ಪನಿಗೆ ಮೊದಲು ನಾಚಿಕೆಯಾಯಿತು, ಕೈ ಮುಗಿದದ್ದಕ್ಕೆ. ಆಮೇಲೆ ಸಿಟ್ಟು ಬಂತು, ಮೋಸ ಹೋದ ಹಾಗೆ. ಶಾಂತಪ್ಪನವರು ಅಂಗಡಿಯ ನೀರಿನ ಬಾಟಲಿ ತಂದಿದ್ದರು. ಚೀಲದಿಂದ ಕಟಕ ರೊಟ್ಟಿ, ಶೇಂಗಾ ಹಿಂಡಿ ತೆಗೆದು ಒಂದೇ ಬಟ್ಟೆಯ ಮೇಲೆ ಹರವಿ, ಕೂತುಕೋ ಎಂದರು. ಈ ಶಾಂತಪ್ಪನವರ ಮನೆಯ ಪಡಸಾಲೆಯಾಚೆ ದ್ಯಾವಪ್ಪ ಎಂದೂ ಕಾಲಿಟ್ಟವನಲ್ಲ. ಈಗ ಇಬ್ಬರೂ ಎದುರುಬದುರು ಕೂತು ಒಂದೇ ಹಿಂಡಿಗೆ ಬೆರಳು ಅದ್ದಿದರು. ತನಗಿಂತ ಕೆಳಗೆ ಯಾರೋ ಇದ್ದಾರೆ ಎನ್ನುವುದು ಜೀವನದಲ್ಲಿ ಮೊದಲ ಸಲ ಗೊತ್ತಾಗಿ ಅವನಿಗೆ ಹಿಗ್ಗಾಯಿತು. ಇದನ್ನು ನನಗೆ ಹೇಳುವಾಗ ದ್ಯಾವಪ್ಪ ನನ್ನ ಮುಖ ನೋಡಲಿಲ್ಲ, ಆದರೆ ಹಿಗ್ಗಾಯಿತು ಎನ್ನುವ ಮಾತನ್ನು ನುಂಗಲೂ ಇಲ್ಲ.

ಅಂದಿನಿಂದ ಆ ಮನೆಯ ಕಪ್ಪನ್ನು ಮುಟ್ಟಲಿಲ್ಲ. ಚಹಾ ಕೊಟ್ಟರೆ ಬೇಡವೆಂದು ತಲೆಯಾಡಿಸುತ್ತಿದ್ದ. ಶಾಂತಪ್ಪನವರ ಬಾಟಲಿ ಮುಗಿದಾಗ ಹಿತ್ತಲಿನ ನಳಕ್ಕೆ ಹೋಗಿ ಬಾಗಿ ಬೊಗಸೆಯಲ್ಲಿ ಕುಡಿಯುತ್ತಿದ್ದ. ನಳ ಯಾರ ಕೈಯೂ ಅಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದ. ಆ ಮನೆಯವರ ಪಾತ್ರೆ ಮುಟ್ಟದೆ ನೀರು ಕುಡಿಯುವ ವಿದ್ಯೆ ಅವನಿಗೆ ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ. ರಸಲ್ ಅದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದ. ನೋಡಿ, ಪಾಪ, ತಪ್ಪು ತಿಳಿದುಕೊಂಡ.

ಮರುದಿನ ಬೆಳಿಗ್ಗೆ ಎಲ್ಲರೂ ಮೇಜಿನ ಸುತ್ತ ಕೂತಾಗ ರಸಲ್ ಗಾಜಿನ ಜಗ್ಗಿನಲ್ಲಿ ನೀರು ತಂದ. ದ್ಯಾವಪ್ಪನ ಪಕ್ಕಕ್ಕೆ ಬಂದು, ಕೈ ಒಡ್ಡು ಎಂದು ಸನ್ನೆ ಮಾಡಿದ. ದ್ಯಾವಪ್ಪ ಯೋಚಿಸುವುದರೊಳಗೆ ಅವನ ಕೈಗಳು ತಾವೇ ಜೋಡಿಕೊಂಡು ಬಾಯಿಯ ಹತ್ತಿರ ಹೋದವು. ಕಾಲುವೆ ಬಂದ ದಿನ ಆಡಿದ ಮಾತು ಆ ಕೈಗಳಿಗೆ ನೆನಪಿರಲಿಲ್ಲ. ಮೇಲಿನಿಂದ ನೀರು ಬಿತ್ತು. ಕಣ್ಣೆತ್ತಿ ನೋಡಿದರೆ, ಅಷ್ಟು ಉದ್ದದ ಮುದುಕ ತಾನು ಎತ್ತರದಲ್ಲಿ ನಿಲ್ಲಬಾರದೆಂದು ನೆಲಕ್ಕೆ ಮೊಣಕಾಲೂರಿ, ಜಗ್ಗನ್ನು ಮಾತ್ರ ಎತ್ತಿ ಹಿಡಿದು, ಒಂದು ಹನಿಯೂ ಚೆಲ್ಲದ ಹಾಗೆ ಜೋಪಾನವಾಗಿ ಸುರಿಯುತ್ತಿದ್ದ. ಇದು ಅತಿಥಿಯ ಊರಿನ ಪದ್ಧತಿ ಎಂದು ಅವನು ನಂಬಿದ್ದ. ಮ್ಯಾನಿಯೂ ನಗುತ್ತಾ ಬೊಗಸೆ ಒಡ್ಡಿದ, ಉಳಿದ ಅತಿಥಿಗಳೂ ಒಡ್ಡಿದರು. ಮೇಜಿನ ಬಟ್ಟೆಯೆಲ್ಲ ಒದ್ದೆಯಾಯಿತು. ದ್ಯಾವಪ್ಪನಿಗೆ ಅವ್ವನ ಒದ್ದೆ ಸೆರಗು ಕಣ್ಣ ಮುಂದೆ ಬಂತು.

ಇದರ ಅರ್ಥವೇನು ಎಂದು ರಸಲ್ ಕೇಳಿದ. ಶಾಂತಪ್ಪನವರು ಇಂಗ್ಲಿಷಿನಲ್ಲಿ ಏನೋ ಹೇಳಿದರು. ದ್ಯಾವಪ್ಪ ಕೇಳಿದಾಗ, ನಮ್ಮಲ್ಲಿ ಬಂದವರಿಗೆ ಗೌರವ ಕೊಡುವ ರೀತಿ ಇದು ಎಂದು ಹೇಳಿದೆ ಅಂದರು. ಆಗ ಮ್ಯಾನಿ ತನ್ನ ಕಥೆ ಹೇಳಿದ, ಶಾಂತಪ್ಪನವರು ಬೇಸರದಿಂದಲೇ ಅದನ್ನು ಕನ್ನಡಕ್ಕೆ ತಂದರು. ಇವರಿಬ್ಬರೂ ಪ್ರಾಯದಲ್ಲಿದ್ದಾಗ ಬೇರೆ ಊರುಗಳಲ್ಲಿ ಇವರಿಗೆ ಕೋಣೆ ಕೊಡುತ್ತಿರಲಿಲ್ಲವಂತೆ. ಒಂದು ಹೋಟೆಲಿನವನು ಇವರು ಕುಡಿದ ಕಪ್ಪನ್ನು ಇವರ ಕಣ್ಣೆದುರೇ ಕಸದ ಡಬ್ಬಿಗೆ ಹಾಕಿದನಂತೆ. ಅದಕ್ಕೇ ಈ ಮನೆ, ಅದಕ್ಕೇ ಈ ಬಾವುಟ. ದೂರದೂರದಿಂದ ಬರುವವರು ಬಾಗಿಲಲ್ಲಿ ನಿಂತು, ನಮ್ಮಂಥವರಿಗೆ ಜಾಗ ಉಂಟೇ ಎಂದು ಕೇಳಬೇಕಾಗಬಾರದು ಎಂದು.

ದ್ಯಾವಪ್ಪನಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಖರೇ ಏನೈತಿ ಅದನ್ನ ಹೇಳ್ರಿ ಅವರಿಗೆ ಎಂದು ಶಾಂತಪ್ಪನವರನ್ನು ಬೇಡಿಕೊಂಡ. ಅವರು ನಗುಮುಖ ಇಟ್ಟುಕೊಂಡೇ, ಹಲ್ಲು ಕಚ್ಚಿ ಅಂದರು: “ಊರಿನ ಮರ್ಯಾದಿ ಇಲ್ಲಿ ತಂದು ಕಳೀತಿಯೇನು? ಸುಮ್ಮ ಕೂಡು.” ದ್ಯಾವಪ್ಪ ಸುಮ್ಮನೆ ಕೂತ. ಕೈ ಚಾಚಿದರೆ ನೀಲಿ ಕಪ್ಪು ಸಿಗುತ್ತಿತ್ತು, ಅದಕ್ಕೆ ಇಂಗ್ಲಿಷ್ ಬೇಕಿರಲಿಲ್ಲ. ಆದರೆ ಶಾಂತಪ್ಪನವರ ಜೊತೆ ಒಂದೇ ಬಟ್ಟೆಯ ಮೇಲಿನ ಊಟ ತಪ್ಪಿಹೋಗುತ್ತದಲ್ಲ ಎಂಬ ಅಳುಕು ಆಗಲೂ ಒಳಗೆ ಇತ್ತು. ಮೇಳ ಮುಗಿಯುವವರೆಗೆ ದಿನಾ ಬೆಳಿಗ್ಗೆ ರಸಲ್ ಮೊಣಕಾಲೂರಿ ಸುರಿದ, ದ್ಯಾವಪ್ಪ ಬೊಗಸೆ ಒಡ್ಡಿ ಕುಡಿದ. ಊರಿಗೆ ಬಂದ ಮೇಲೆ ಶಾಂತಪ್ಪನವರು ಮತ್ತೆ ಪಡಸಾಲೆಯಲ್ಲೇ ನಿಲ್ಲಿಸಿ ಮಾತಾಡಿಸಿದರು.

ಇದೆಲ್ಲ ಅಲ್ಲಿಗೇ ಮುಚ್ಚಿಹೋಗುತ್ತಿತ್ತೇನೋ. ಆದರೆ ಹೋದ ಸಲದ ಜಯಂತಿಗೆ ಶಾಂತಪ್ಪನವರನ್ನೇ ಮುಖ್ಯ ಅತಿಥಿಯಾಗಿ ಕರೆದಿದ್ದರು, ಕರೆದವರ ಬುದ್ಧಿಗೆ ಏನು ಹೇಳಲಿ. ಅವರು ನಮ್ಮ ಸಂಸ್ಕೃತಿ ಕಡಲು ದಾಟಿದ ಬಗೆಯನ್ನು ಹೊಗಳಿ ಪರದೆಯ ಮೇಲೆ ಒಂದು ಚಿತ್ರ ತೋರಿಸಿದರು. ಆ ವಸತಿಗೃಹದವರೇ ಜಾಲತಾಣದಲ್ಲಿ ಹಾಕಿಕೊಂಡ ಚಿತ್ರ. ಹೊಸದಾಗಿ ಲಗ್ನವಾದ ಇಬ್ಬರು ಹುಡುಗಿಯರು ಬಾಗಿಲಲ್ಲಿ ಬೊಗಸೆ ಒಡ್ಡಿ ನಗುತ್ತಿದ್ದಾರೆ, ರಸಲ್ ಜಗ್ಗಿನಿಂದ ಸುರಿಯುತ್ತಿದ್ದಾನೆ. ಕೆಳಗೆ ನಮ್ಮ ಜಿಲ್ಲೆಯ ಹೆಸರು ಹಿಡಿದು ‘ಯಾದಗಿರಿಯ ಸ್ವಾಗತ’ ಎಂದು ಬರೆದಿದೆ. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ನನ್ನ ಹಿಂದೆ ಕೂತಿದ್ದ ಮುದುಕಿ ಕರೆಮ್ಮ ಮಾತ್ರ ಕಣ್ಣು ಕಿರಿದು ಮಾಡಿ ನೋಡಿ, ಮರುಗಿದಳು.

“ಅಯ್ಯ ಪಾಪ. ಆ ಹುಡಿಗ್ಯಾರಿಗೂ ತಂಬಿಗಿ ಮುಟ್ಟಗೊಡಂಗಿಲ್ಲೇನು?”

ದ್ಯಾವಪ್ಪ ಎದ್ದು ಪೆಂಡಾಲಿನ ಹೊರಗೆ ಹೋದ. ನಾನು ಹಿಂದೆ ಹೋದೆ. ಕಾಲುವೆಯ ದಂಡೆಯ ಮೇಲೆ ಕೂತು ಇಷ್ಟನ್ನೂ ಹೇಳಿದ. ನಮ್ಮ ಅವ್ವಂದಿರ ಅವಮಾನ ಅಲ್ಲಿ ಹಬ್ಬವಾಗಿ ನಡೆಯುತ್ತಿದೆ, ಅದನ್ನು ಅಲ್ಲಿಗೆ ಹೊತ್ತುಕೊಂಡು ಹೋದವನು ತಾನು ಎಂದು ಹಣೆ ಹಣೆ ಬಡಿದುಕೊಂಡ. ನಿನ್ನ ಇಂಗ್ಲಿಷ್ ಯಾವಾಗ ಉಪಯೋಗಕ್ಕೆ ಬರುತ್ತದೆ ಎಂದು ನನ್ನ ಮೇಲೂ ರೇಗಿದ.

ಮರುದಿನ ಸಂಜೆ ಆ ಜಾಲತಾಣದಲ್ಲಿದ್ದ ನಂಬರಿಗೆ ನನ್ನ ಮೊಬೈಲಿನಿಂದ ವಿಡಿಯೊ ಕರೆ ಹಚ್ಚಿದೆವು. ಅಲ್ಲಿ ಬೆಳಿಗ್ಗೆ. ಪರದೆಯ ಮೇಲೆ ಅದೇ ಅಡುಗೆಮನೆ, ಗೋಡೆಯ ಮೇಲೆ ಅದೇ ಕಪ್ಪುಗಳು. ರಸಲ್ ಬಹಳ ಮುದುಕನಾಗಿದ್ದ. ದ್ಯಾವಪ್ಪನನ್ನು ಕಂಡದ್ದೇ ಜೈ ಭೀಮ್ ಎಂದು, ಮೇಜಿನ ಮೇಲಿನ ಜಗ್ಗನ್ನು ಎತ್ತಿ ತೋರಿಸಿ ನಕ್ಕ. ದ್ಯಾವಪ್ಪ ಹೇಳುತ್ತಾ ಹೋದ, ನಾನು ಒಂದು ಮಾತನ್ನೂ ಬಿಡದೆ ಇಂಗ್ಲಿಷಿಗೆ ತಂದೆ. ಗೌಡರ ಕಟ್ಟೆ, ಅವ್ವನ ಬೊಗಸೆ, ಹೋಟೆಲಿನ ಸೂರು. ಆಮೇಲೆ ಇವರ ಕಪ್ಪನ್ನು ತಾನು ಯಾಕೆ ಮುಟ್ಟಲಿಲ್ಲ ಎನ್ನುವುದು. ರಸಲ್‌ನ ನಗು ಇಳಿಯುತ್ತಾ ಹೋದದ್ದನ್ನು ಕಂಡರೂ ದ್ಯಾವಪ್ಪ ನಿಲ್ಲಿಸಲಿಲ್ಲ.

ಎಲ್ಲ ಕೇಳಿ ರಸಲ್ ಸಿಟ್ಟಾಗಲಿಲ್ಲ. ನಾವು ನಿಮಗೆ ಏನು ಮಾಡಿದ್ದೆವು ಎಂದಷ್ಟೇ ಕೇಳಿದ. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ದ್ಯಾವಪ್ಪ ತಲೆ ತಗ್ಗಿಸಿದ.

“ನೀವೇನೂ ಮಾಡಿದ್ದಿಲ್ರಿ,” ಎಂದ. “ನಮ್ಮವ್ವನೂ ಏನೂ ಮಾಡಿದ್ದಿಲ್ಲ.”

ನಾನು ಅದನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಆ ಕಡೆ ಮ್ಯಾನಿ ಬಂದು, ಮೇಜಿನ ಮೇಲಿದ್ದ ಜಗ್ಗನ್ನು ಎತ್ತಿ ಒಳಗಿಟ್ಟ.