ಪರಾತದಲ್ಲಿ ನಿಂತ ಒನಕೆ

ನೀರು ಹಾಕಿದ ಪರಾತದಲ್ಲಿ, ಎಂದರೆ ಅಂಚಿರುವ ಅಗಲ ತಟ್ಟೆಯಲ್ಲಿ, ಒನಕೆಯನ್ನು ನೆಟ್ಟಗೆ ನಿಲ್ಲಿಸುವುದು ಅಂಥ ಕಷ್ಟದ ಕೆಲಸವಲ್ಲ. ಬುಡದ ಕಬ್ಬಿಣದ ಬಳೆ ಸವೆದು ಸಪಾಟಾಗಿದ್ದರೆ ಎರಡು ಮೂರು ಸಲ ಯತ್ನಿಸಿದರೆ ಸಾಕು, ನಿಲ್ಲುತ್ತದೆ. ಇದನ್ನು ನಾನು ಕಂಡುಕೊಂಡದ್ದು ಭೀಮಾ ನದಿಯ ದಂಡೆಯಲ್ಲಿ, ಖಗ್ರಾಸ ಸೂರ್ಯಗ್ರಹಣದ ದಿನ, ಗ್ರಹಣ ಹಿಡಿಯಲು ಇನ್ನೂ ಒಂದು ತಾಸು ಇರುವಾಗ. ಆ ಒಂದು ತಾಸನ್ನು ಇವತ್ತಿಗೂ ಮನಸ್ಸಿನಲ್ಲಿ ಹಿಂದೆ ಮುಂದೆ ಮಾಡುತ್ತಿರುತ್ತೇನೆ. ಎಲ್ಲಿ ಕೈ ತಡೆಯಬಹುದಿತ್ತು ಎಂದು ಹುಡುಕುತ್ತೇನೆ.

ನಿಜಾಮರ ಆಳಿಕೆಯ ಕೊನೆಯ ವರ್ಷಗಳು ಅವು. ನಾನು ಹೈದರಾಬಾದಿನ ಕಾಲೇಜಿನಲ್ಲಿ ಓದುತ್ತಿದ್ದೆ. ಗ್ರಹಣವನ್ನು ಉರ್ದು ಪುಸ್ತಕದಲ್ಲಿ ಕುಸೂಫ್ ಎಂದು ಓದಿದ್ದೆ; ನಮ್ಮ ಆಯಿಯ ಬಾಯಲ್ಲಿ ಅದು ಗ್ರಾಣ. ಆಯಿ ಎಂದರೆ ಅಪ್ಪನ ತಾಯಿ. ಶಹಾಪುರದ ನಮ್ಮ ಮನೆಯಲ್ಲಿ ಅವಳ ಮಾತೇ ನಡೆಯುತ್ತಿತ್ತು. ಹಗಲು ಕತ್ತಲಾಗುವುದನ್ನು ಕಣ್ಣಾರೆ ನೋಡಬೇಕೆಂದು ರಜೆ ಕೇಳಿ ಊರಿಗೆ ಬಂದಿದ್ದೆ.

ಬಂದರೆ ಊರಿನ ಸಿದ್ಧತೆಯೇ ಗ್ರಹಣಕ್ಕಿಂತ ದೊಡ್ಡ ತಮಾಷೆಯಾಗಿ ಕಂಡಿತು. ಉಪ್ಪಿನಕಾಯಿ ಭರಣಿಯ ಮೇಲೆ, ತುಪ್ಪದ ಗಡಿಗೆಯ ಮೇಲೆ ಗರಿಕೆ. ಪಕ್ಕದ ಮನೆಯ ಬಸುರಿ ಏನನ್ನೂ ಕೊಯ್ಯಬಾರದೆಂದು ಅವಳ ಅತ್ತೆ ಈಳಿಗೆ, ಕುಡುಗೋಲು, ಕಡೆಗೆ ಸೂಜಿಯನ್ನೂ ಬಚ್ಚಿಟ್ಟಿದ್ದಳು. ಓಣಿಯ ಮಸೀದಿಯಲ್ಲೂ ಗ್ರಹಣದ ಹೊತ್ತಿಗೆ ಬೇರೆ ನಮಾಜು ಇತ್ತು. ಅಲ್ಲಿಂದ ಒಬ್ಬ ಹಿರಿಯರು ಹಿಂದಿನ ದಿನವೇ ಬಂದು, "ನಿಮ್ಮ ಪಂಚಾಂಗದಾಗ ಎಷ್ಟಕ್ಕ ಹಿಡೀತದ ಅಂತ ಬರದದ, ನೋಡಿ ಹೇಳ್ರಿ" ಎಂದು ಕೇಳಿಕೊಂಡು ಹೋದರು. ಎರಡು ಗಂಟೆಯ ಸುಮಾರಿಗೆ ಎಂದು ನಾನೇ ಲೆಕ್ಕ ಹಾಕಿ ಹೇಳಿದ್ದೆ.

ಆಯಿಗೆ ಒಂದೇ ಹಟ. ಗ್ರಹಣ ಹಿಡಿದ ಗಳಿಗೆಯಲ್ಲೇ ಹೊಳೆಯಲ್ಲಿ ಮುಳುಗಬೇಕು. ಅವಳಿಗೆ ಕಣ್ಣು ಮಂಜಾಗಿತ್ತು, ಮೊಳಕಾಲು ಬಾತಿತ್ತು. ಆದರೂ ನಸುಕಿನಲ್ಲೇ ಬಂಡಿ ಕಟ್ಟಿಸಿದಳು. ಬಂಡಿಯಲ್ಲಿ ಹಿತ್ತಾಳೆಯ ಪರಾತ, ಒನಕೆ.

"ಒನಕಿ ಯಾಕ ಆಯಿ? ಹೊಳಿ ದಂಡಿಗಿ ಕುಂತು ಖಾರ ಕುಟ್ಟತಿ ಏನು?"

"ನಗು, ನಗು. ಗ್ರಾಣ ಹಿಡೀತಂದ್ರ ನೀರಾಗ ಒನಕಿ ತಾನ ನಿಲ್ತದ. ಬಿಡ್ತಂದ್ರ ತಾನ ಬೀಳ್ತದ. ನಿನ್ನ ಗಡಿಯಾರ ಕೆಡ್ತದ, ಇದು ಕೆಡೂದಿಲ್ಲ."

"ಅದು ಯಾವಾಗ ಬೇಕಾದ್ರೂ ನಿಲ್ತದ."

"ನಿಲ್ಲಿಸಿ ನೋಡೀಯೇನು?"

ನೋಡಿರಲಿಲ್ಲ. ಆ ಪ್ರಶ್ನೆ ದಾರಿಯುದ್ದಕ್ಕೂ ನನ್ನನ್ನು ಕೊರೆಯಿತು.

ದಾರಿ ತುಂಬ ಬಂಡಿಗಳು. ಸುರಪುರದಿಂದ, ಗೋಗಿಯಿಂದ ಬಂದವರು ನಮ್ಮ ಹಿಂದೆ ಮುಂದೆ. ಯಾದಗಿರಿಯಲ್ಲಿ ರೈಲು ಇಳಿದವರು ಆಚೆ ದಂಡೆಗೆ ನಡೆದು ಬರುತ್ತಿದ್ದರು. ಅಷ್ಟು ಜನರನ್ನು ಒಂದೇ ಕಡೆ ನಾನು ಹೈದರಾಬಾದಿನಲ್ಲೂ ನೋಡಿರಲಿಲ್ಲ. ಕಂದೀಲು ರಿಪೇರಿಯ ಚಾಚಾ ಒಬ್ಬರು ಒಡೆದ ಗಾಜಿನ ಚೂರುಗಳಿಗೆ ಮಸಿ ಹಿಡಿಸಿ ಮಾರುತ್ತಿದ್ದರು. "ಬರ್ರಿ, ಬರ್ರಿ! ಇಷ್ಟು ದಿನ ನನ್ನ ಕಂದೀಲು ಕತ್ತಲಾಗ ದಾರಿ ತೋರಿಸ್ತು, ಇವತ್ತ ಸೂರ್ಯನ್ನ ತೋರಸ್ತದ!" ನಾನೂ ಒಂದು ಚೂರು ಕೊಂಡು ಜೇಬಿಗೆ ಹಾಕಿಕೊಂಡೆ.

ಹೊಳೆಯಲ್ಲಿ ಅಂಬಿಗರು ಎದೆಮಟ್ಟದ ನೀರಿನಲ್ಲಿ ಗೂಟ ನೆಟ್ಟು ಹಗ್ಗ ಕಟ್ಟುತ್ತಿದ್ದರು. ಅವರಲ್ಲಿ ಹಿರಿಯನಾದವನು ದಂಡೆಯ ಮೇಲಿದ್ದವರಿಗೆಲ್ಲ ಕೂಗಿ ಹೇಳುತ್ತಿದ್ದ: "ಆ ಕರೀ ಕಲ್ಲು ದಾಟಿದ್ರ ಮಡು ಅದ. ಆನಿ ನಿಂತ್ರೂ ಮುಣಗತದ. ಹಗ್ಗ ಕಟ್ಟಿ ಮುಗಿಯೂತನ ಯಾರೂ ಇಳೀಬ್ಯಾಡ್ರಿ!" ಅರ್ಧ ಕಟ್ಟಿಯಾಗಿತ್ತು. ಕರಿಕಲ್ಲಿನ ಕಡೆಯ ಅರ್ಧ ಬಾಕಿ.

ಆಯಿ ಪರಾತಕ್ಕೆ ನೀರು ಹಾಕಿಸಿ, ಒನಕೆಯನ್ನು ಪಕ್ಕಕ್ಕೆ ಮಲಗಿಸಿ, ಜಾಗ ಹಿಡಿಯುತ್ತೇನೆಂದು ಓಣಿಯ ಹೆಂಗಸರ ಜೊತೆ ನೀರಿನ ಅಂಚಿಗೆ ಹೋಗಿ ಕೂತಳು. ಬಂಡಿಯ ಹತ್ತಿರ ನಾನೊಬ್ಬನೇ. ಮೋಡ ಬಂದು ಸೂರ್ಯನನ್ನು ಮುಚ್ಚಿತ್ತು. ಗಡಿಯಾರ ನೋಡಿದೆ. ಒಂದು ಗಂಟೆ.

ಮೊದಲ ಸಲ ಒನಕೆ ನನ್ನ ಭುಜಕ್ಕೆ ಬಿತ್ತು. ಎರಡನೆಯ ಸಲ ಪರಾತದ ಅಂಚಿಗೆ ಬಡಿಯಿತು. ಮೂರನೆಯ ಸಲ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ನಿಂತಿತು. ನೀರು ಕೂಡ ಅಲುಗಲಿಲ್ಲ. ನನಗೆ ಆದ ಸಂತೋಷ ಎಷ್ಟೆಂದರೆ ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನೋಡುತ್ತ ನಿಂತೆ. ನಾನು ಮತ್ತೆ ಮತ್ತೆ ತಿರುಗಿ ಹೋಗುವುದು ಆ ಎರಡು ಹೆಜ್ಜೆಗೇ. ಹತ್ತಿರವೇ ನಿಂತಿದ್ದರೆ ಅದು ನನ್ನ ಕೈಕೆಲಸವೆಂದು ಯಾರಿಗಾದರೂ ತಿಳಿಯುತ್ತಿತ್ತು.

ಕೊಡ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ನೋಡಿದಳು. "ಯವ್ವಾ, ಒನಕಿ ನಿಂತದ! ಗ್ರಾಣ ಹಿಡೀತು!"

"ಇಲ್ಲರೀ, ನಾನ ನಿಲ್ಲಿಸೀನಿ!" ಎಂದೆ. ಎರಡನೆಯ ಸಲ ಕಿರುಚಿದೆ. ಒನಕೆಯನ್ನು ಒದ್ದು ಕೆಡವಿದೆ. ಯಾರೂ ಇತ್ತ ನೋಡುತ್ತಿರಲಿಲ್ಲ. ಮೋಡ ಮುಸುಕಿದ ಬೆಳಕು ಅವಳ ಮಾತಿಗೆ ಸಾಕ್ಷಿ ಹೇಳುವಂತಿತ್ತು. "ಹಿಡೀತು, ಹಿಡೀತು" ಎಂಬ ಕೂಗು ದಂಡೆಯುದ್ದಕ್ಕೂ ಓಡಿತು. ಅದರ ಹಿಂದೆಯೇ ಜನ.

ನೀರಿನ ಅಂಚಿನಲ್ಲಿ ಕೂತವರು ಏಳುವಷ್ಟರಲ್ಲಿ ಹಿಂದಿನವರು ಬಂದು ಒತ್ತಿದರು. ಹಗ್ಗವಿದ್ದ ಕಡೆ ಜನ ಹಗ್ಗಕ್ಕೆ ತಾಗಿ ನಿಂತರು. ಇಲ್ಲದ ಕಡೆ ನಿಲ್ಲಲು ಆಸರೆಯೇ ಇರಲಿಲ್ಲ. ಆಯಿಯ ಬಿಳಿ ತಲೆ ಕರಿಕಲ್ಲಿನ ಹತ್ತಿರ ಕಂಡಿತು. ಆಮೇಲೆ ಸೆರಗು ಮಾತ್ರ ಕಂಡಿತು. ಆಮೇಲೆ ಅದೂ ಇಲ್ಲ. ನಾನು ಜನರ ಬೆನ್ನುಗಳ ಹಿಂದೆ ಸಿಕ್ಕಿಕೊಂಡು "ಆಯಿ, ಆಯಿ" ಎನ್ನುತ್ತಿದ್ದೆ. ಎಷ್ಟು ಹೊತ್ತು? ಗಡಿಯಾರ ಕೈಯಲ್ಲೇ ಇತ್ತು, ನೋಡಲಿಲ್ಲ.

ಆ ಹಿರಿಯ ಅಂಬಿಗ ಕಟ್ಟದೆ ಉಳಿದಿದ್ದ ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ಮಡುವಿಗೆ ಧುಮುಕಿದ. ಆಯಿಯ ಜಡೆ ಹಿಡಿದು ಎಳೆದು ತಂದ. ಮತ್ತೆ ಹೋದ, ಇನ್ನಿಬ್ಬರನ್ನು ತಂದ. ಯಾರ ಜೀವವೂ ಹೋಗಲಿಲ್ಲ ಎಂದು ಅಂಬಿಗರು ಆಮೇಲೆ ಹೇಳಿದರು. ಅದನ್ನು ನಂಬಿಕೊಂಡು ಬದುಕಿದ್ದೇನೆ.

"ಯಾವ ಸೂಳಿಮಗ ಹಿಡೀತು ಅಂದಾಂವ?" ಎಂದು ಅಂಬಿಗ ಏದುಸಿರಿನಲ್ಲಿ ಬೈದ. ನಾನು ಮರಳು ನೋಡುತ್ತ ನಿಂತೆ.

ಆಯಿ ನೀರು ಕಾರಿ, ಕಂಬಳಿ ಹೊದ್ದು, ಬಂಡಿಯ ಗಾಲಿಗೆ ಒರಗಿ ಕೂತಳು. ಅವಳ ಕಿವಿಯ ಹತ್ತಿರ ಬಗ್ಗಿ ಹೇಳಿದೆ: "ಒನಕಿ ನಾನ ನಿಲ್ಲಿಸಿದ್ದೆ ಆಯಿ."

ಅವಳು ನನ್ನ ತೋಳು ಹಿಡಿದು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. "ಯಾರ ಮುಂದೂ ಅನಬ್ಯಾಡ. ಬಡದು ಹಾಕ್ತಾರ." ಆಮೇಲೆ ಕೇಳಿದಳು: "ಎಷ್ಟನೇ ಸಲಕ್ಕ ನಿಂತು?"

"ಮೂರನೇದಕ್ಕ."

"ಹಂಗಾರ ಯಾವಾಗ ಬೇಕಾದ್ರೂ ನಿಲ್ತದ ಅಂತ ನೀ ಅಂದದ್ದು ಖರೆ ಅದ" ಎಂದು ಒನಕೆಯ ಬುಡವನ್ನು ಬೆರಳಿನಿಂದ ಸವರಿ ನೋಡಿದಳು.

ಎರಡು ದಾಟಿದ ಮೇಲೆ ಮೋಡ ಸರಿಯಿತು. ಗಾಜು ಹಿಡಿದವರು ಒಬ್ಬೊಬ್ಬರಾಗಿ ಸೂರ್ಯನ ಅಂಚು ತಿಂದಿದೆ ಎಂದರು. ಆಯಿ ಎದ್ದಳು. "ಈಗ ಖರೇನ ಹಿಡೀತು. ನಡಿ."

ಅವಳನ್ನು ನಡೆಸಿಕೊಂಡು ನೀರಿಗೆ ಇಳಿದೆ. ಹಗ್ಗ ಈಗ ಪೂರ್ತಿ ಕಟ್ಟಿಯಾಗಿತ್ತು. ಮೊಳಕಾಲುದ್ದ ನೀರಿನಲ್ಲಿ ಕೂತು ಅವಳು ಮುಳುಗಿ ಎದ್ದಳು; ಅವಳ ಮಣಿಕಟ್ಟು ನನ್ನ ಎರಡೂ ಕೈಯಲ್ಲಿತ್ತು. ಗ್ರಹಣ ಬಿಡುವ ತನಕ ನೀರಿನಲ್ಲೇ ನಿಂತು ಜಪ ಮಾಡುವುದು ಅವಳ ಪದ್ಧತಿ. ಬೆಳಕು ತಾಮ್ರದ ಬಣ್ಣಕ್ಕೆ ತಿರುಗಿತು. ಪಕ್ಷಿಗಳು ಗಿಡಕ್ಕೆ ಮರಳಿದವು. ಸುತ್ತಲಿನ ಜನ ಉಸಿರು ಎಳೆದುಕೊಂಡದ್ದು ಕೇಳಿಸಿತು.

"ಕೈ ಬಿಡಪಾ" ಎಂದಳು ಆಯಿ. "ಮ್ಯಾಲ ನೋಡು. ಅಷ್ಟು ದೂರಿಂದ ಅದಕ್ಕಂತ ಬಂದೀದಿ."

ಜೇಬಿನಲ್ಲಿ ಮಸಿಗಾಜು ತೊಡೆಗೆ ಒತ್ತುತ್ತಿತ್ತು. ನಾನು ಕೈ ಬಿಡಲಿಲ್ಲ. ಹೊಳೆ ಕಪ್ಪಾದದ್ದನ್ನು, ಹಗ್ಗ ಕಾಣದಂತಾದದ್ದನ್ನು ನೋಡಿದೆ. ಖಗ್ರಾಸದ ಸೂರ್ಯ ಹೇಗಿರುತ್ತಾನೆ ಎಂದು ಯಾರಾದರೂ ಕೇಳಿದರೆ ಈಗಲೂ ನನಗೆ ಗೊತ್ತಿಲ್ಲ.