ಸುತ್ತಿನ ಸಹಿಯಲ್ಲಿ ಮೊದಲ ಹೆಸರು

ನಜೀರಣ್ಣ, ಮಲ್ಲೇಶಪ್ಪನನ್ನು ಹಿಡಿದುಕೊಟ್ಟದ್ದು ನೀವಲ್ಲ. ನಾನು. ಎಂಟು ವರ್ಷ ಆ ಅಪವಾದ ನಿಮ್ಮ ಮೇಲಿತ್ತು, ನಾನು ನೋಡುತ್ತಾ ಸುಮ್ಮನಿದ್ದೆ.

ಕೇಳುವ ಎಲ್ಲರಿಗೂ ತಿಳಿಯಲಿ ಎಂದು ಮೊದಲಿನಿಂದ ಬರೆಯುತ್ತೇನೆ. ನಜೀರಣ್ಣ ಕಡೂರಿನಲ್ಲಿ ನಮ್ಮ ಲಾರಿ ಓಡಿಸುವವರು. ನಮ್ಮ ಯಜಮಾನರು ಆಗ ಲಾರಿ ಮಾಲೀಕರ ಸಂಘದ ಕಾರ್ಯದರ್ಶಿ. ಆ ವರ್ಷ ಕಡೂರು, ತರೀಕೆರೆ, ಅಜ್ಜಂಪುರದ ಡ್ರೈವರುಗಳೆಲ್ಲ ಸೇರಿ ಮಾಲೀಕರಿಗೆ ಒಂದು ಅರ್ಜಿ ಕೊಟ್ಟರು. ಲೋಡ್ ಇಳಿಯದೆ ಕಾಯುವ ದಿನಕ್ಕೂ ಭತ್ಯೆ ಬೇಕು, ದೂರದ ಟ್ರಿಪ್ಪಿಗೆ ಇಬ್ಬರು ಡ್ರೈವರು ಬೇಕು, ಮಾತುಕತೆಗೆ ಒಬ್ಬೊಬ್ಬರನ್ನೇ ಕರೆಯದೆ ಎಲ್ಲರನ್ನೂ ಒಟ್ಟಿಗೆ ಕೂರಿಸಬೇಕು — ಇಷ್ಟೇ. ಕೆಳಗೆ ಸಹಿಗಳನ್ನು ಸಾಲಾಗಿ ಹಾಕದೆ ಸುತ್ತಾಗಿ ಹಾಕಿದ್ದರು. ಮುಂದಾಳು ಯಾರೆಂದು ತಿಳಿಯಬಾರದು ಎಂದು.

ಮಾಲೀಕರು ಬೆಂಗಳೂರಿಗೆ ಹೋಗಿ ಮಂತ್ರಿಗಳನ್ನು ಕಾಣುವವರಿದ್ದರು. ‘ನಮ್ಮ ಡ್ರೈವರುಗಳಿಗೆ ಯಾವ ತಕರಾರೂ ಇಲ್ಲ, ಯಾರೋ ಒಬ್ಬ ಎತ್ತಿಕಟ್ಟಿದ್ದಾನೆ’ ಎಂದು ಹೇಳಬೇಕಿತ್ತು. ಆ ಒಬ್ಬ ಬೇಕಾಗಿದ್ದ.

ಯಜಮಾನರು ಅರ್ಜಿಯನ್ನು ಊಟದ ಮೇಜಿನ ಮೇಲೆ ಹರಡಿದರು. ನಾನು ಅವರೆಕಾಯಿ ಬಿಡಿಸುತ್ತಿದ್ದೆ.

“ನೋಡೇ, ರಂಗೋಲಿ ಬಿಟ್ಟಂಗೆ ಬಿಟ್ಟವ್ರೆ. ಎಲ್ ಶುರು, ಎಲ್ ಕೊನೆ, ಒಂದೂ ಗೊತ್ತಾಗಲ್ಲ. ಕಾನ್ವೆಂಟಲ್ಲಿ ಓದಿದೋಳಲ್ವಾ ನೀನು, ಹೇಳು ನೋಡಾಣ” ಎಂದು ನಕ್ಕರು.

ಕೈ ಒರೆಸಿಕೊಂಡು ನೋಡಿದೆ. ಸಣ್ಣದನ್ನು ಗಮನಿಸುವುದು ನನ್ನ ಅಭ್ಯಾಸ — ಶಾಲೆಯಲ್ಲಿ ಸಿಸ್ಟರುಗಳೂ ಅದನ್ನೇ ಮೆಚ್ಚುತ್ತಿದ್ದರು. ಸುತ್ತಿನಲ್ಲಿ ಒಂದು ಸಹಿ ಜಾಗ ಸಾಲದೆ ಮುದುಡಿಕೊಂಡಿತ್ತು, ಅದರ ಕೊನೆಯ ಅಕ್ಷರ ಮೇಲಕ್ಕೆ ಹತ್ತಿಹೋಗಿತ್ತು. ಅದು ಕೊನೆಯದು. ಅದರ ಪಕ್ಕಕ್ಕೇ, ಆರಾಮಾಗಿ ಕೈಕಾಲು ಚಾಚಿಕೊಂಡಿದ್ದ ಸಹಿ — ಅದೇ ಮೊದಲನೆಯದು.

“ಇದು” ಎಂದು ಬೆರಳಿಟ್ಟೆ. “ಮಲ್ಲೇಶಪ್ಪ. ಅಜ್ಜಂಪುರದೋನು.”

“ಭಲೇ!” ಎಂದರು. ನನಗೆ — ಬರೆಯಲು ನಾಚಿಕೆ — ಖುಷಿಯಾಯಿತು.

ಏನಾಗುತ್ತದೆಂದು ಗೊತ್ತಿರಲಿಲ್ಲ ಎಂದು ಇಲ್ಲಿ ಒಂದು ಸಾಲು ಬರೆದು ಹೊಡೆದುಹಾಕಿದ್ದೇನೆ. ಗೊತ್ತಿತ್ತು. ಸುತ್ತಾಗಿ ಏಕೆ ಸಹಿ ಹಾಕುತ್ತಾರೆಂದು ತಿಳಿದೇ ಬೆರಳಿಟ್ಟದ್ದು.

ಮೂರೂ ಊರಿನಲ್ಲಿ ಮಲ್ಲೇಶಪ್ಪನಿಗೆ ಯಾರೂ ಲಾರಿ ಕೊಡಲಿಲ್ಲ. ಉಳಿದವರನ್ನು ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿದರು. ಒಬ್ಬೊಬ್ಬರೇ ಹಿಂದೆ ಸರಿದರು. ಹೆಸರು ಹೊರಬಿದ್ದದ್ದು ಹೇಗೆ ಎಂದು ಡ್ರೈವರುಗಳು ಯೋಚಿಸಿದಾಗ ಅವರಿಗೆ ಕಂಡದ್ದು ನೀವು, ನಜೀರಣ್ಣ. ಲೋಡಿನ ಚೀಟಿ ಕೊಡಲು ನಮ್ಮ ಮನೆಯೊಳಕ್ಕೆ ಬಂದು ಹೋಗುತ್ತಿದ್ದವರು ನೀವೊಬ್ಬರೇ. ನಮ್ಮ ಗೇಟಿನೆದುರೇ ಒಬ್ಬ ಕೂಗಿದ್ದು ನನಗೆ ಕೇಳಿಸಿತ್ತು: “ಏನ್ ಸಾಬ್ರೆ, ಇವತ್ತು ಯಾರ್ ಹೆಸ್ರು ಹೇಳಿ ಟೀ ಕುಡ್ಕಂಡ್ ಬಂದ್ರಿ?” ನೀವು ತಿರುಗಿ ನೋಡದೆ ನಡೆದಿರಿ. ನಾನು ಕಿಟಕಿಯ ಪರದೆ ಎಳೆದೆ.

ನಿಮ್ಮ ಮಗಳ ಮದುವೆಗೆ ಬಂದಿದ್ದೆ. ಅಂಗಳದಲ್ಲಿ ಒಂದು ಮೂಲೆಯ ಕುರ್ಚಿಗಳು ಒಂದರ ಮೇಲೊಂದು ಪೇರಿಸಿದ ಹಾಗೇ ಉಳಿದಿದ್ದವು. “ಡ್ರೈವರ್ ಜನ ಒಬ್ರೂ ಬರ್ಲಿಲ್ಲ ಅಮ್ಮಾರೆ” ಎಂದರು ನಿಮ್ಮ ಹೆಂಡತಿ. “ರೋಡ್ ಮೇಲಿರ್ತಾರಲ್ಲ, ಪಾಪ” ಎಂದೆ. ಅಷ್ಟು ಸಲೀಸಾಗಿ ಬಂತು ಬಾಯಿಗೆ.

ಈಗ ಡ್ರೈವರುಗಳು ಮತ್ತೆ ಸಂಘ ಕಟ್ಟುತ್ತಿದ್ದಾರೆ. ನಿಮ್ಮನ್ನು ಮಾತ್ರ ಸೇರಿಸಿಕೊಳ್ಳುವುದಿಲ್ಲ ಎಂದರಂತೆ. ಅದನ್ನು ಕೇಳಿದ ಮೇಲೆ — ಮೊನ್ನೆ ಬಸ್ಸು ಹತ್ತಿ ಅಜ್ಜಂಪುರಕ್ಕೆ ಹೋದೆ. ಮಲ್ಲೇಶಪ್ಪ ಸ್ಟೇಷನ್ ಹತ್ತಿರ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ನಿಂತೇ ಎಲ್ಲ ಹೇಳಿದೆ. ಅವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಹಿಡಿದವನು ಹಾಗೇ ಹಿಡಿದಿದ್ದ. ಗುಳ್ಳೆ ಏಳುತ್ತಲೇ ಇತ್ತು.

“ಲಾರಿ ಹೋಯ್ತು, ಹೋಗ್ಲಿ” ಎಂದ ಕೊನೆಗೆ. “ಎಂಟ್ ವರ್ಸ ನಜೀರಣ್ಣ ಸಲಾಮ್ ಅಂದಾಗೆಲ್ಲ ಮಕ ತಿರುಗ್ಸಿದೀನಿ ಕಣಮ್ಮ. ಅದನ್ನ ಎಲ್ಲಿಗ್ ತಗಂಡೋಗ್ಲಿ, ನೀವೇ ಹೇಳಿ.”

 

ಅವನೊಬ್ಬನಿಗೆ ಹೇಳಿದರೆ ಸಾಲದು. ಭಾನುವಾರ ತರೀಕೆರೆಯಲ್ಲಿ ಡ್ರೈವರುಗಳ ಸಭೆಯಿದೆ. ಇದನ್ನು ಅಲ್ಲಿ ನಾನೇ ನಿಂತು ಓದುತ್ತೇನೆ. ಯಜಮಾನರಿಗೆ ತಿಳಿಸಿದ್ದೇನೆ. “ಮನೆ ಮಾನ ತೆಗೀತೀಯೇನೇ?” ಎಂದರು. ಹೌದು ಎಂದೆ.

ನೀವೂ ಬನ್ನಿ, ನಜೀರಣ್ಣ. ನಿಮ್ಮ ಸ್ವಭಾವ ನನಗೆ ಗೊತ್ತು — ನಾನು ಅರ್ಧ ಓದುವಷ್ಟರಲ್ಲಿ ಎದ್ದು ನಿಂತು, “ಹೋಗ್ಲಿ ಬಿಡಿ ಅಮ್ಮಾರೆ” ಎಂದುಬಿಡುತ್ತೀರಿ. ಅನ್ನಬೇಡಿ. ಪೂರ್ತಿ ಓದಲು ಬಿಡಿ.